‘ಊರ ಹೊರಗ ಹಚ್ಚೀವ್ರಿ’ ಎಂಬ ಸಮಾಧಾನ

ಸಿರವಾರವಿರಲಿ, ಮಾನ್ವಿ, ದೇವದುರ್ಗ, ರಾಯಚೂರಿರಲಿ, ಡಿಜೆ ಸದ್ದಿನ ಬಗ್ಗೆ ತಕರಾರು ತೆಗೆದವರಿಗೆ ಸಿಗುವ ಉತ್ತರ ಬಹುತೇಕ ಒಂದೇ: ‘ಊರ ಹೊರಗ ಹಚ್ಚೀವ್ರಿ, ನಿಮ್ಮನಿ ತನ ಬರಂಗಿಲ್ಲ.’ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ನಿಜವಾಗಿಯೂ ಹಾಗೆಂದೇ ನಂಬಿರುತ್ತಾರೆ. ತಕರಾರು ತೆಗೆದವರೂ ಕೊನೆಗೆ ‘ಇನ್ನೊಂದು ಸ್ವಲ್ಪ ಆಚಿ ಇಡ್ರಿ’ ಎಂದಷ್ಟೇ ಕೇಳಿ ಸುಮ್ಮನಾಗುತ್ತಾರೆ. ನಡುವೆ ನಿಂತ ಪೊಲೀಸರು ಟ್ರ್ಯಾಕ್ಟರನ್ನು ನಾಲ್ಕು ಮನೆ ಮುಂದಕ್ಕೆ ಕಳಿಸಿ ವ್ಯಾಜ್ಯ ಮುಗಿಸುತ್ತಾರೆ. ದೂರ ಸರಿದಂತೆ ಸದ್ದು ತಾನಾಗಿಯೇ ಸಾಯುತ್ತದೆ ಎಂಬ ವಿಷಯದಲ್ಲಿ ಮೂವರದೂ ಒಂದೇ ಅಭಿಪ್ರಾಯ. ಈ ಅಭಿಪ್ರಾಯವನ್ನೇ ನಾನು ಇಲ್ಲಿ ವಿರೋಧಿಸುತ್ತಿದ್ದೇನೆ. ದೂರವು ಸದ್ದನ್ನು ತಗ್ಗಿಸುವುದು ನಿಜ. ಆದರೆ ಅದು ಬಹಳ ಜಿಪುಣತನದಿಂದ ತಗ್ಗಿಸುತ್ತದೆ. ನಮ್ಮ ನೆಲದಲ್ಲಿ, ನಮ್ಮ ರಾತ್ರಿಗಳಲ್ಲಿ, ನಾವು ಹಚ್ಚುವ ಪೆಟ್ಟಿಗೆಗಳ ಮುಂದೆ ಆ ಜಿಪುಣತನ ಇನ್ನೂ ಹೆಚ್ಚುತ್ತದೆ. ಸದ್ದನ್ನು ಹುಟ್ಟುವ ಕಡೆಯೇ ಇಳಿಸಬೇಕು. ಬೇರೆ ದಾರಿಯಿಲ್ಲ.

ಈ ನಂಬಿಕೆಗೆ ಆಧಾರವಾಗಿರುವ ನಿಯಮವನ್ನು ಮೊದಲು ನೋಡೋಣ. ಬಯಲಿನಲ್ಲಿ ಒಂದು ಬಿಂದುವಿನಿಂದ ಹೊರಟ ಸದ್ದು ಎಲ್ಲ ದಿಕ್ಕಿಗೂ ಗೋಳದಂತೆ ಹಿಗ್ಗುತ್ತದೆ. ಹೊರಟ ಶಕ್ತಿ ಅಷ್ಟೇ ಇರುತ್ತದೆ, ಅದು ಹರಡಿಕೊಳ್ಳಬೇಕಾದ ಮೈ ಮಾತ್ರ ದೊಡ್ಡದಾಗುತ್ತದೆ. ಒಂದೇ ಬಕೆಟ್ ಸುಣ್ಣವನ್ನು ಮೊದಲು ಒಂದು ಗೋಡೆಗೆ, ಆಮೇಲೆ ನಾಲ್ಕು ಗೋಡೆಗೆ ಬಳಿದರೆ ಲೇಪ ತೆಳುವಾಗುವಂತೆ ಸದ್ದೂ ತೆಳುವಾಗುತ್ತದೆ. ದೂರ ಎರಡರಷ್ಟಾದರೆ ಸದ್ದಿನ ತೀವ್ರತೆ ನಾಲ್ಕನೇ ಒಂದು ಪಾಲಿಗೆ, ಮೂರರಷ್ಟಾದರೆ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. ವಿಲೋಮ ವರ್ಗ ನಿಯಮವೆಂದು ಕಾಲೇಜಿನಲ್ಲಿ ಓದುವುದು ಇದನ್ನೇ. ‘ನಾಲ್ಕನೇ ಒಂದು ಪಾಲು’ ಎಂದು ಕೇಳಿದ ಕೂಡಲೇ ಸದ್ದು ಮುಕ್ಕಾಲು ಪಾಲು ಅಡಗಿತು ಎನ್ನಿಸುತ್ತದೆ. ಮೋಸ ಹೋಗುವುದು ಇಲ್ಲೇ. ಕಿವಿ ಆ ಲೆಕ್ಕದಲ್ಲಿ ಕೇಳುವುದಿಲ್ಲ. ತೀವ್ರತೆ ಹತ್ತನೇ ಒಂದು ಪಾಲಿಗೆ ಇಳಿದಾಗ, ಅಂದರೆ 10 ಡೆಸಿಬಲ್ ಕಡಿಮೆಯಾದಾಗ, ಕಿವಿಗೆ ಅದು ಸುಮಾರು ಅರ್ಧಕ್ಕೆ ಇಳಿದಂತೆ ಕೇಳುತ್ತದೆ. ದೂರ ಇಮ್ಮಡಿಯಾದಾಗ ಕಡಿಮೆಯಾಗುವುದು 6 ಡೆಸಿಬಲ್. ಅದು ಅರ್ಧ ಕೂಡ ಅಲ್ಲ.

ಈಗ ಒಂದು ಲೆಕ್ಕ. ದೊಡ್ಡ ಡಿಜೆ ಸೆಟ್ಟಿನ ಎದುರು 10 ಮೀಟರ್ ದೂರದಲ್ಲಿ 105 ಡೆಸಿಬಲ್ ಇದೆ ಎಂದಿಟ್ಟುಕೊಳ್ಳಿ. ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಗೋಡೆಯಂತೆ ಪೆಟ್ಟಿಗೆ ಜೋಡಿಸಿದಾಗ ಇದು ಉತ್ಪ್ರೇಕ್ಷೆಯಲ್ಲ. ವಿಲೋಮ ವರ್ಗ ನಿಯಮ ಪೂರ್ತಿ ನಮ್ಮ ಪರವಾಗಿ ಕೆಲಸ ಮಾಡಿದರೂ 20 ಮೀಟರಿನಲ್ಲಿ 99, 40ರಲ್ಲಿ 93, 80ರಲ್ಲಿ 87, 100 ಮೀಟರಿನಲ್ಲಿ 85 ಡೆಸಿಬಲ್ ಉಳಿಯುತ್ತದೆ. ಒಂದು ಕಿಲೋಮೀಟರ್ ಆಚೆ 65. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಹಗಲಿನ ಮಿತಿ 55, ರಾತ್ರಿಯ ಮಿತಿ 45. ಹಗಲಿನ ಮಿತಿ ಮುಟ್ಟಲು ಮೂರು ಕಿಲೋಮೀಟರಿಗೂ ಹೆಚ್ಚು ದೂರ ಬೇಕು, ರಾತ್ರಿಯ ಮಿತಿಗೆ ಹತ್ತು ಕಿಲೋಮೀಟರ್. ವಾಸ್ತವದಲ್ಲಿ ಗಾಳಿ, ನೆಲ, ಗಿಡಮರ, ಕಟ್ಟಡಗಳು ಇನ್ನಷ್ಟು ಸದ್ದನ್ನು ನುಂಗುತ್ತವೆ, ಇಷ್ಟು ದೂರ ಬೇಕಾಗುವುದಿಲ್ಲ ಎಂದು ಒಪ್ಪೋಣ. ಆದರೆ ‘ಊರ ಹೊರಗ’ ಎಂದು ನಾವು ಕರೆಯುವ ದೂರ ಎಷ್ಟು? ಸಿರವಾರ ಮಾನ್ವಿ ತಾಲ್ಲೂಕಿನಿಂದ ಬೇರೆಯಾಗಿ ತಾನೇ ತಾಲ್ಲೂಕು ಕೇಂದ್ರವಾದ ಊರು. ರಾಯಚೂರು–ಲಿಂಗಸುಗೂರು ರಸ್ತೆಯ ಆಚೀಚೆ ಬೆಳೆಯುತ್ತಿರುವ ಇಂಥ ಊರಲ್ಲಿ ನಿನ್ನೆಯ ಹೊರಗು ಇವತ್ತು ಪ್ಲಾಟು, ನಾಳೆ ಓಣಿ. ನಮ್ಮ ಊರುಗಳ ಕಲ್ಯಾಣ ಮಂಟಪದ ಗೇಟಿನಿಂದ ಮೊದಲ ಮನೆಯ ತಲೆಬಾಗಿಲಿಗೆ ಎಷ್ಟೋ ಕಡೆ ನೂರು ಮೀಟರ್ ಕೂಡ ಇಲ್ಲ.

‘ಇನ್ನೊಂದು ಇಪ್ಪತ್ತು ಮೀಟರ್ ಆಚಿ ಇಡ್ರಿ’ ಎಂಬ ರಾಜಿಯನ್ನೂ ಈ ಲೆಕ್ಕಕ್ಕೆ ಹಚ್ಚಿ ನೋಡಿ. ಪೆಟ್ಟಿಗೆಯ ಪಕ್ಕದಲ್ಲೇ ನಿಂತವನು ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಕಾಗದದ ಲೆಕ್ಕದಲ್ಲಿ 6 ಡೆಸಿಬಲ್ ಉಳಿಸುತ್ತಾನೆ. ಅದೇ 6 ಡೆಸಿಬಲ್ಲಿಗೆ ನೂರು ಮೀಟರ್ ದೂರದ ಮನೆಯವರಿಗೆ ಇನ್ನೂ ನೂರು ಮೀಟರ್ ಬೇಕು, ಐನೂರು ಮೀಟರ್ ದೂರದವರಿಗೆ ಇನ್ನೂ ಐನೂರು. ನೂರು ಮೀಟರಿನಲ್ಲಿದ್ದ ಸೆಟ್ಟನ್ನು ನೂರಿಪ್ಪತ್ತಕ್ಕೆ ಒಯ್ದರೆ ಉಳಿಯುವುದು ಸುಮಾರು ಒಂದೂವರೆ ಡೆಸಿಬಲ್. ಪಕ್ಕಪಕ್ಕದಲ್ಲಿ ಕೇಳಿಸಿದರೂ ಬಹಳ ಜನ ಗುರುತಿಸಲಾರದಷ್ಟು ಸಣ್ಣ ವ್ಯತ್ಯಾಸ ಅದು. ರಾಜಿ ಆಯಿತು, ಜಗಳ ತಪ್ಪಿತು, ಸದ್ದು ಇದ್ದಲ್ಲೇ ಉಳಿಯಿತು. ಇದೇ ಜಾಗದಲ್ಲಿ ಮಿಕ್ಸರಿನ ಮುಂದೆ ಕೂತ ಹುಡುಗ ಗುಂಡಿ ಇಳಿಸಿ 10 ಡೆಸಿಬಲ್ ಕಡಿಮೆ ಮಾಡಿದ್ದರೆ, ಸೆಟ್ಟನ್ನು ಮೂರು ಪಟ್ಟಿಗಿಂತ ಹೆಚ್ಚು ದೂರ ಒಯ್ದಷ್ಟು ಫಲ ಸಿಗುತ್ತಿತ್ತು. ಅದಕ್ಕೆ ಬೇಕಾದದ್ದು ಒಂದು ಕ್ಷಣ.

ಇಲ್ಲಿಯವರೆಗೆ ನಿಯಮ ಸರಿಯಾಗಿ ಅನ್ವಯಿಸುತ್ತದೆ ಎಂದೇ ಭಾವಿಸಿದ್ದೇವೆ. ಆದರೆ ಅದಕ್ಕೊಂದು ಷರತ್ತಿದೆ: ಸದ್ದಿಗೆ ಎಲ್ಲ ಕಡೆ ಹರಡಲು ಅಡ್ಡಿ ಇರಬಾರದು. ಷರತ್ತು ಮುರಿದಾಗ ಏನಾಗುತ್ತದೆಂದು ನೋಡಲು ನಮ್ಮ ಸೀಮೆಯವರು ದೂರ ಹೋಗಬೇಕಿಲ್ಲ. 1656ರ ಹೊತ್ತಿಗೆ ಕಟ್ಟಿದ ವಿಜಯಪುರದ ಗೋಲ ಗುಮ್ಮಟದ ಒಳವ್ಯಾಸ ಸುಮಾರು 37 ಮೀಟರ್. ಪಿಸುಮಾತು ಬಾಯಿಂದ ಒಂದು ಮೀಟರ್ ದೂರದಲ್ಲಿ ಸುಮಾರು 30 ಡೆಸಿಬಲ್ ಇರುತ್ತದೆ. ವಿಲೋಮ ವರ್ಗ ನಿಯಮದಂತೆ 37 ಮೀಟರ್ ದಾಟುವಷ್ಟರಲ್ಲಿ 31 ಡೆಸಿಬಲ್ ಸೋರಿಹೋಗಿ ಕಿವಿಗೆ ಏನೂ ಕೇಳಬಾರದು. ಆದರೂ ಎದುರು ಗೋಡೆಗೆ ಕಿವಿಗೊಟ್ಟವರಿಗೆ ಮಾತು ಸ್ಪಷ್ಟವಾಗಿ ಕೇಳುತ್ತದೆ. ಸದ್ದು ಎಲ್ಲ ಕಡೆ ಹರಡದೆ ಬಾಗಿದ ಗೋಡೆಯನ್ನು ಅಂಟಿಕೊಂಡು ಸಾಗುವುದೇ ಇದಕ್ಕೆ ಕಾರಣ. ಲಂಡನ್ನಿನ ಸೇಂಟ್ ಪಾಲ್ ಗುಮ್ಮಟದ ಇಂಥ ಪಿಸುಮಾತಿನ ಗ್ಯಾಲರಿಯನ್ನು ಲಾರ್ಡ್ ರ‍್ಯಾಲೆ ವಿವರಿಸಿದ್ದರು. 1920ರ ದಶಕದ ಆರಂಭದಲ್ಲಿ ಸಿ.ವಿ. ರಾಮನ್ ಆ ವಿವರಣೆಯನ್ನು ಪರೀಕ್ಷೆಗೆ ಒಡ್ಡಿದರು, ಅವರ ಅಧ್ಯಯನದಲ್ಲಿ ಗೋಲ ಗುಮ್ಮಟವೂ ಸೇರಿತ್ತು. ಅಲ್ಲಿ ನಿಯಮ ಸುಳ್ಳಾಗುವುದಿಲ್ಲ, ನಿಯಮಕ್ಕೆ ಬೇಕಾದ ಬಯಲು ಇರುವುದಿಲ್ಲ.

ನಮ್ಮ ಓಣಿಗಳಲ್ಲೂ ಆ ಬಯಲು ಇಲ್ಲ. ಅಗಸಿಯಿಂದ ಬಜಾರಿನ ಕಡೆಗೆ ಹೋಗುವ ಇಕ್ಕಟ್ಟಾದ ದಾರಿ, ಎರಡೂ ಕಡೆ ಕಾಂಕ್ರೀಟ್ ಗೋಡೆ, ಅಂಗಡಿಗಳ ಶಟರು. ಇವು ಸದ್ದನ್ನು ಹೀರುವುದಿಲ್ಲ, ತಿರುಗಿ ಬೀದಿಗೇ ಎಸೆಯುತ್ತವೆ. ಗಣೇಶ ವಿಸರ್ಜನೆಯ ದಿನ ಒಂದರ ಹಿಂದೆ ಒಂದು ಸೆಟ್ಟು ಸಾಲುಗಟ್ಟಿ ನಿಂತರೆ ಸದ್ದಿನ ಮೂಲ ಬಿಂದುವಾಗಿ ಉಳಿಯದೆ ಗೆರೆಯಾಗುತ್ತದೆ. ಉದ್ದದ ಗೆರೆಯಿಂದ ಹೊರಡುವ ಸದ್ದು ದೂರ ಇಮ್ಮಡಿಯಾದಾಗ 6 ಅಲ್ಲ, 3 ಡೆಸಿಬಲ್ ಮಾತ್ರ ಇಳಿಯುತ್ತದೆ. ಲಾರಿಗಳು ಎಡೆಬಿಡದೆ ಓಡುವ ಹೆದ್ದಾರಿಯ ಪಕ್ಕದ ಮನೆಯವರು ಎಷ್ಟು ಹಿಂದೆ ಸರಿದರೂ ನೆಮ್ಮದಿ ಕಾಣದಿರುವುದೂ ಇದೇ ಕಾರಣಕ್ಕೆ. ಪೆಟ್ಟಿಗೆಗಳನ್ನು ಒಂದರ ಮೇಲೊಂದು ಎತ್ತರಕ್ಕೆ ಪೇರಿಸುವುದು ಅಂದಕ್ಕಲ್ಲ. ಹಾಗೆ ಪೇರಿಸಿದಾಗ ಸದ್ದು ಮೇಲಕ್ಕೂ ಕೆಳಕ್ಕೂ ಚದುರದೆ ಮುಂದಕ್ಕೆ ದೂರ ಹೋಗುತ್ತದೆ. ಸದ್ದನ್ನು ದೂರಕ್ಕೆ ಒಯ್ಯಲೆಂದೇ ಮಾಡಿದ ಜೋಡಣೆಯ ಎದುರು ನಿಂತು ದೂರವೇ ನಮ್ಮನ್ನು ಕಾಯುತ್ತದೆ ಎನ್ನುವುದರಲ್ಲಿ ಅರ್ಥವಿಲ್ಲ.

ರಾಯಚೂರು ಜಿಲ್ಲೆಯ ಮಟ್ಟಿಗೆ ನನ್ನ ಮುಖ್ಯ ವಾದ ರಾತ್ರಿಯದು. ಗಾಳಿ ಬಿಸಿಯಾದಷ್ಟೂ ಸದ್ದು ಅದರಲ್ಲಿ ಬೇಗ ಓಡುತ್ತದೆ: ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರ್, ನಮ್ಮ ಏಪ್ರಿಲ್ ಮಧ್ಯಾಹ್ನದ 40 ಡಿಗ್ರಿಯಲ್ಲಿ ಸುಮಾರು 355. ಹಗಲು ಕಾದ ನೆಲಕ್ಕೆ ಹತ್ತಿದ ಗಾಳಿ ಹೆಚ್ಚು ಬಿಸಿ, ಮೇಲಿನದು ಕಡಿಮೆ. ಹಾಗಾಗಿ ಸದ್ದಿನ ಅಲೆ ಮೇಲಕ್ಕೆ ಬಾಗಿ ಆಕಾಶದ ಕಡೆಗೆ ಹೋಗುತ್ತದೆ, ಕೆಲವು ನೂರು ಮೀಟರ್ ಆಚೆ ನೆಲದ ಮೇಲೆ ಸದ್ದಿನ ನೆರಳು ಬೀಳುತ್ತದೆ. ಸಂಜೆಯಾದ ಮೇಲೆ ಇದು ತಲೆಕೆಳಗಾಗುತ್ತದೆ. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ಆರುತ್ತದೆ, ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಆಗ ಮೇಲಕ್ಕೆ ಹೊರಟ ಸದ್ದು ಕೂಡ ಬಾಗಿ ಕೆಳಕ್ಕಿಳಿದು ದೂರದ ಮನೆಗಳ ಮೇಲೆ ಬೀಳುತ್ತದೆ. ಕೆಲವು ನೂರು ಮೀಟರ್ ದಾಟಿದ ಮೇಲೆ ಒಂದೇ ಸೆಟ್ಟಿನ ಹಗಲಿನ ಸದ್ದಿಗೂ ರಾತ್ರಿಯ ಸದ್ದಿಗೂ 10 ಡೆಸಿಬಲ್‌ಗಿಂತ ಹೆಚ್ಚು ವ್ಯತ್ಯಾಸ ಬರಬಲ್ಲದು. ಉಷ್ಣತೆಗೆ ತಕ್ಕಂತೆ ಸದ್ದು ಬಾಗುತ್ತದೆಂದು ಆಸ್ಬರ್ನ್ ರೆನಾಲ್ಡ್ಸ್ 1870ರ ದಶಕದಲ್ಲೇ ತೋರಿಸಿದ್ದರು. 1901ರ ಫೆಬ್ರುವರಿಯಲ್ಲಿ ವಿಕ್ಟೋರಿಯಾ ರಾಣಿಯ ಅಂತ್ಯಯಾತ್ರೆಯ ಹೊತ್ತಿಗೆ ಹಾರಿಸಿದ ತೋಪುಗಳ ಸದ್ದು ಇಂಗ್ಲೆಂಡಿನ ಹತ್ತಿರದ ಎಷ್ಟೋ ಊರುಗಳಿಗೆ ಕೇಳದೆ ಅದಕ್ಕಿಂತ ಬಹಳ ದೂರದ ಊರುಗಳಿಗೆ ಕೇಳಿತ್ತು. ಹತ್ತಿರ ಇದ್ದರೆ ಹೆಚ್ಚು, ದೂರ ಇದ್ದರೆ ಕಡಿಮೆ ಎಂಬ ಮಾತು ಎಲ್ಲ ಹೊತ್ತಿನಲ್ಲೂ ನಿಲ್ಲುವುದಿಲ್ಲ ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಈ ವಿದ್ಯಮಾನ ನಮ್ಮಲ್ಲಿ ಯಾವಾಗ ಜೋರಾಗಿರುತ್ತದೆ ನೋಡಿ. ಬೇಸಿಗೆಯ ನಿಚ್ಚಳ ರಾತ್ರಿಗಳಲ್ಲಿ, ಅಂದರೆ ಸರಿಯಾಗಿ ಮದುವೆಯ ಹಂಗಾಮಿನಲ್ಲಿ. ಅದೇ ದಿನಗಳಲ್ಲಿ ನಮ್ಮ ಜನ ಧಗೆ ತಾಳಲಾರದೆ ಮಾಳಿಗೆಯ ಮೇಲೆ, ಅಂಗಳದಲ್ಲಿ ಮಲಗುತ್ತಾರೆ. ಸದ್ದು ಮೇಲಿನಿಂದ ಇಳಿದು ಬರುವ ಹೊತ್ತಿಗೆ ಅವರಿಗೂ ಅದಕ್ಕೂ ನಡುವೆ ಗೋಡೆಯೂ ಇಲ್ಲ, ಕಿಟಕಿಯೂ ಇಲ್ಲ. ಜೊತೆಗೆ ನೆಲದ ಮಾತೂ ಇದೆ. ಉತ್ತು ಸಡಿಲಗೊಂಡ ಎರೆ ಭೂಮಿ ಸದ್ದನ್ನು ಅಷ್ಟಿಷ್ಟು ಹೀರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆ ಹೀರುವುದಿಲ್ಲ, ಕಲ್ಲು ಹಾಸಿದ ಅಂಗಳದಂತೆಯೇ ಸದ್ದನ್ನು ಮುಂದಕ್ಕೆ ತಳ್ಳುತ್ತದೆ. ಹತ್ತಿ, ಜೋಳದ ಹೊಲ ಸುತ್ತುವರಿದ ಊರಿನ ಅನುಭವವನ್ನು ನೀರಾವರಿಯ ಊರಿಗೆ ಹಾಗೆಯೇ ತಂದು ಹಚ್ಚಲಾಗದು. ಸಂಜೆ ನಾಲ್ಕಕ್ಕೆ ಸೆಟ್ಟು ಪರೀಕ್ಷಿಸಿ ‘ನೋಡ್ರಿ, ಅಲ್ಲಿ ತನ ಕೇಳಂಗಿಲ್ಲ’ ಎಂದವರು ನೋಡಿದ್ದು ಹಗಲಿನ ಗಾಳಿಯನ್ನು. ರಾತ್ರಿ ಹನ್ನೊಂದಕ್ಕೆ ಅದೇ ಸೆಟ್ಟು, ಅದೇ ದೂರ, ಬೇರೆಯೇ ಸದ್ದು.

ದೂರದ ಮನೆಗೆ ತಲುಪುವುದು ಯಾವ ಸದ್ದು ಎಂಬುದೂ ಮುಖ್ಯ. ಗಾಳಿ ಎಲ್ಲ ಸ್ವರಗಳನ್ನೂ ಒಂದೇ ಸಮನೆ ನುಂಗುವುದಿಲ್ಲ. ಹಾಡುಗಾರನ ದನಿ, ತಾಳದ ಝಣತ್ಕಾರ ಇಂಥ ಮೇಲಿನ ಸ್ವರಗಳನ್ನು ಬೇಗ ನುಂಗುತ್ತದೆ. 100 ಹರ್ಟ್ಸ್‌ಗಿಂತ ಕೆಳಗಿನ ಗುದ್ದು ಒಂದು ಕಿಲೋಮೀಟರ್ ಸಾಗಿದರೂ ಗಾಳಿಗೆ ಸೋತು ಕಳೆದುಕೊಳ್ಳುವುದು ಒಂದು ಡೆಸಿಬಲ್‌ಗೂ ಕಡಿಮೆ. 50 ಹರ್ಟ್ಸ್ ಅಲೆಯ ಉದ್ದ ಸುಮಾರು ಏಳು ಮೀಟರ್. ಒಂಬತ್ತಿಂಚಿನ ಇಟ್ಟಿಗೆ ಗೋಡೆ, ತಗಡಿನ ಬಾಗಿಲು ಅದಕ್ಕೆ ದೊಡ್ಡ ಅಡ್ಡಿಯಲ್ಲ. ಆದ್ದರಿಂದ ಅರ್ಧ ಕಿಲೋಮೀಟರ್ ಆಚೆ ಹಾಡು ಕೇಳುವುದಿಲ್ಲ, ಎದೆಗೆ ಬಡಿಯುವ ಗುದ್ದು ಮಾತ್ರ ಕೇಳುತ್ತದೆ. ಹಾಸಿಗೆ ಹಿಡಿದ ಮುದುಕರು, ಬಾಣಂತಿಯರು, ಪರೀಕ್ಷೆಗೆ ಓದುವ ಮಕ್ಕಳು ಅನುಭವಿಸುವುದು ಇದನ್ನೇ.

ಈ ಗುದ್ದನ್ನು ನಮ್ಮ ಅಳತೆಯೂ ಸರಿಯಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಇಡೀ ದೇಶದ ನಿಯಮದ ಮೇಲಿನ ನನ್ನ ಆಕ್ಷೇಪ. 2000ದ ಶಬ್ದ ಮಾಲಿನ್ಯ ನಿಯಮಗಳು ಮಿತಿಗಳನ್ನು ಹೇಳುವುದು ಡೆಸಿಬಲ್ ‘ಎ’ ಎಂಬ ಮಾಪನದಲ್ಲಿ. ಮೆಲ್ಲನೆಯ ಸದ್ದಿನಲ್ಲಿ ಮನುಷ್ಯನ ಕಿವಿ ಕೆಳಸ್ವರಗಳನ್ನು ಕಡಿಮೆ ಕೇಳುತ್ತದೆ ಎಂಬ ಕಾರಣಕ್ಕೆ ಈ ಮಾಪನ ಅವನ್ನು ಕಡಿತ ಮಾಡಿ ತೋರಿಸುತ್ತದೆ: 100 ಹರ್ಟ್ಸ್‌ನಲ್ಲಿ 19 ಡೆಸಿಬಲ್, 50 ಹರ್ಟ್ಸ್‌ನಲ್ಲಿ 30 ಡೆಸಿಬಲ್ ಕಡಿತ. ದೂರ ಹೋದಷ್ಟೂ ಉಳಿಯುವುದು ಗುದ್ದು. ಮೀಟರು ಬಿಟ್ಟುಬಿಡುವುದೂ ಆ ಗುದ್ದನ್ನೇ. ಕಿಟಕಿಯ ಗಾಜು ನಡುಗುತ್ತಿರುವಾಗಲೂ ಮೀಟರಿನ ಅಂಕಿ ಮಿತಿಯ ಹತ್ತಿರ ಓಡಾಡಬಹುದು. ‘ಸಿ’ ಮಾಪನದಲ್ಲಿ ಈ ಕಡಿತ ತೀರಾ ಕಡಿಮೆ, ಅದು ಬಹುಪಾಲು ಮೀಟರುಗಳಲ್ಲಿ ಒಂದು ಗುಂಡಿ ಒತ್ತಿದರೆ ಸಿಗುತ್ತದೆ. ಡಿಜೆ ದೂರುಗಳಲ್ಲಿ ಎರಡನ್ನೂ ಬರೆದುಕೊಳ್ಳಬೇಕು.

ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳು ಎರಡು. ಒಂದು: ಮೊಹರಂನ ಹಲಗೆ, ಜಾತ್ರೆಯ ಡೊಳ್ಳು ಮೊದಲಿನಿಂದಲೂ ಇದ್ದವಲ್ಲ, ಆಗ ಯಾರಿಗೂ ತ್ರಾಸ ಆಗಲಿಲ್ಲವಲ್ಲ ಎನ್ನುವುದು. ಹಲಗೆಯ ಸದ್ದು ಸಣ್ಣದಲ್ಲ, ಹತ್ತಿರ ನಿಂತವರ ಕಿವಿ ಗಡಚಿಕ್ಕುತ್ತದೆ. ಆದರೆ ಅದರ ಹಿಂದಿರುವುದು ಮನುಷ್ಯನ ತೋಳಿನ ಬಲ. ತೋಳು ದಣಿಯುತ್ತದೆ, ಬಡಿತದ ನಡುವೆ ಬಿಡುವು ಬರುತ್ತದೆ, ಮೇಳ ಮುಂದೆ ಸಾಗುತ್ತದೆ. ಮೇಲೆ ಹೇಳಿದ 10 ಮೀಟರಿನ 105 ಡೆಸಿಬಲ್ ನೆಲದ ಮೇಲೆ ಎಲ್ಲ ಕಡೆ ಸಮನಾಗಿ ಹರಡಿತೆಂದು ಲೆಕ್ಕ ಹಾಕಿದರೆ ಅದು ಸುಮಾರು 20 ವ್ಯಾಟ್ ಶಬ್ದಶಕ್ತಿ. ಒಬ್ಬ ಮನುಷ್ಯ ಗಟ್ಟಿಯಾಗಿ ಕೂಗಿದಾಗ ಹೊರಡುವುದು ಹೆಚ್ಚುಕಡಿಮೆ ಒಂದು ಮಿಲಿವ್ಯಾಟ್. ಅಂದರೆ ಒಂದು ಟ್ರೇಲರು ಇಪ್ಪತ್ತು ಸಾವಿರ ಜನ ಒಟ್ಟಿಗೆ ಕೂಗಿದಷ್ಟು ಸದ್ದನ್ನು, ದಣಿವಿಲ್ಲದೆ, ಗಂಟೆಗಟ್ಟಲೆ ಹೊರಹಾಕುತ್ತದೆ. ಇದನ್ನು ಪರಂಪರೆಯ ಮುಂದುವರಿಕೆ ಎನ್ನಲು ನಾನು ಒಪ್ಪುವುದಿಲ್ಲ.

ಎರಡನೆಯದು ಸೌಂಡ್ ಸಿಸ್ಟಂ ಇಟ್ಟುಕೊಂಡ ಹುಡುಗರ ಹೊಟ್ಟೆಪಾಡಿನ ಮಾತು. ಇದನ್ನು ಲಘುವಾಗಿ ತಳ್ಳಲಾಗದು. ಸಾಲ ಮಾಡಿ ಪೆಟ್ಟಿಗೆ ಕೊಂಡವರು ಅವರು. ಆದರೆ ಸದ್ದು ಇಳಿಸಿದರೆ ಬಾಡಿಗೆ ಹೋಗುವುದಿಲ್ಲ, ಹಚ್ಚಲೇಬಾರದೆಂದರೆ ಹೋಗುತ್ತದೆ. ಮಿತಿ ಮೀರಿದಾಗ ಪೆಟ್ಟಿಗೆಗಳೇ ಠಾಣೆ ಸೇರುವ ದಿನ ಅವರಿಗೆ ಹೆಚ್ಚು ನಷ್ಟ. ಇನ್ನೊಂದು ಮಾತು: ಸದ್ದಿಗೆ ಎಲ್ಲರಿಗಿಂತ ಹತ್ತಿರ ಇರುವವರು ಅವರೇ, ಮತ್ತು ಪೆಟ್ಟಿಗೆಯ ಮುಂದೆ ಕುಣಿಯುವ ಮಕ್ಕಳು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತದ ಜಾಗಗಳಿಗೆ ಹೇಳಿದ ಗರಿಷ್ಠ ಸರಾಸರಿ 100 ಡೆಸಿಬಲ್. ಅಷ್ಟು ಸದ್ದನ್ನು ಕಿವಿ ವಾರಕ್ಕೆ ತಡೆಯಬಲ್ಲದು ಇಪ್ಪತ್ತು ನಿಮಿಷದ ಸುಮಾರಿಗೆ. ಮದುವೆಯ ಹಂಗಾಮಿನಲ್ಲಿ ಅವರು ದಿನವೂ ಗಂಟೆಗಟ್ಟಲೆ ಅದರ ಮುಂದೆ ನಿಲ್ಲುತ್ತಾರೆ. ದೂರದವರಿಗಾಗಿ ಮೂಲದಲ್ಲಿ ಇಳಿಸಿದ ಸದ್ದು ಮೊದಲು ಉಳಿಸುವುದು ಇವರ ಕಿವಿಯನ್ನು.

ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯ ಎಂಬ ನಿಯಮವನ್ನು ಜನ ಓದಿಕೊಂಡ ರೀತಿಯೂ ಇದೇ ತಪ್ಪಿನದು. ನೂರು ಮೀಟರ್ ದಾಟಿದರೆ ಎಷ್ಟು ಬೇಕಾದರೂ ಹಚ್ಚಬಹುದು ಎಂದು ತಿಳಿದಿದ್ದಾರೆ. ಆ ವಲಯದೊಳಗೆ ಇರಬೇಕಾದದ್ದು ಹಗಲು 50, ರಾತ್ರಿ 40 ಡೆಸಿಬಲ್. ನೂರೊಂದನೆಯ ಮೀಟರಿನಲ್ಲಿ ನಿಂತ ನಮ್ಮ ಸೆಟ್ಟು ಆಸ್ಪತ್ರೆಯ ಗೋಡೆಗೆ ಮುಟ್ಟಿಸುವುದು 85. ಗಡಿಯ ಆಚೆ ನಿಂತರೂ ನಿಯಮ ಮುರಿದಂತೆಯೇ. ನಿಯಮಗಳು ಇನ್ನೊಂದನ್ನೂ ಸ್ಪಷ್ಟವಾಗಿ ಹೇಳುತ್ತವೆ: ಧ್ವನಿವರ್ಧಕ ಹಚ್ಚಿದ ಸಾರ್ವಜನಿಕ ಜಾಗದ ಅಂಚಿನಲ್ಲಿ ಸದ್ದು ಆ ಪ್ರದೇಶದ ಮಿತಿಗಿಂತ 10 ಡೆಸಿಬಲ್ ಹೆಚ್ಚು ಅಥವಾ 75, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಬಾರದು. ವಸತಿ ಓಣಿಯಲ್ಲಿ ಹಗಲು ಅದು 65 ಆಗುತ್ತದೆ. ಅಂಚು ಸೆಟ್ಟಿನಿಂದ 30 ಮೀಟರ್ ಇದ್ದರೆ, 10 ಮೀಟರಿನಲ್ಲಿ 75ರ ಒಳಗಿರಬೇಕು. ನಾವು ಹಚ್ಚುತ್ತಿರುವುದು ಅದಕ್ಕಿಂತ 30 ಡೆಸಿಬಲ್ ಹೆಚ್ಚು, ತೀವ್ರತೆಯಲ್ಲಿ ಸಾವಿರ ಪಟ್ಟು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವೇ ಇಲ್ಲ. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿ 12ರವರೆಗೆ ಸಡಿಲಿಸಬಹುದು, ಅಷ್ಟೇ. ಸುಪ್ರೀಂ ಕೋರ್ಟ್ 2005ರ ಜುಲೈ ತೀರ್ಪಿನಲ್ಲಿ ಈ ಮಿತಿಗಳನ್ನು ಎತ್ತಿಹಿಡಿದಿದೆ.

ಪಟಾಕಿಯ ನಿಯಮ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರಬಾರದು ಎಂದು ಅದು ದೂರವನ್ನೂ ಅಂಕಿಯನ್ನೂ ಒಟ್ಟಿಗೆ ಹೇಳುತ್ತದೆ. ದೂರ ಹೇಳದ ಡೆಸಿಬಲ್ಲಿಗೆ ಅರ್ಥವಿಲ್ಲ. ಡಿಜೆಗೆ ಕೊಡುವ ಅನುಮತಿ ಪತ್ರಗಳಲ್ಲಿ ‘ನಿಗದಿತ ಮಿತಿಯೊಳಗೆ’ ಎಂದು ಬರೆದು ಬಿಡುವ ಬದಲು ಪೆಟ್ಟಿಗೆಯ ಮುಂದೆ 10 ಮೀಟರಿನಲ್ಲಿ ಇಂತಿಷ್ಟು ಎಂದು ಬರೆಯಲಿ. ಆಗ ಸದ್ದು ಹಚ್ಚುವ ಹುಡುಗನಿಗೂ ತನ್ನ ಗುಂಡಿ ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತದೆ. ಅಳೆಯುವುದು ಸಂಜೆ ನಾಲ್ಕಕ್ಕಲ್ಲ, ದೂರು ಬಂದ ಹೊತ್ತಿನಲ್ಲಿ, ದೂರು ಕೊಟ್ಟವರ ಮಾಳಿಗೆಯ ಮೇಲೆ ಆಗಲಿ.

ಸಿರವಾರ ಸೀಮೆಯ ಓದುಗರಲ್ಲಿ ಒಂದು ವಿನಂತಿ. ಮುಂದಿನ ಬಾರಿ ‘ಸ್ವಲ್ಪ ಆಚಿ ಇಡ್ರಿ’ ಎಂದು ಕೇಳಬೇಡಿ, ‘ಸೌಂಡ್ ಇಳಸ್ರಿ’ ಎಂದೇ ಕೇಳಿ. ಮಿತಿಗಿಂತ 10 ಡೆಸಿಬಲ್ ಹೆಚ್ಚಾದರೆ ದೂರು ಕೊಡುವ ಹಕ್ಕನ್ನು ನಿಯಮ ನಿಮಗೆ ಕೊಟ್ಟಿದೆ. ದೂರಿನಲ್ಲಿ ಸೆಟ್ಟು ಇದ್ದ ಜಾಗ, ಅಲ್ಲಿಂದ ನಿಮ್ಮ ಮನೆಗೆ ಇರುವ ದೂರ, ಹೊತ್ತು, ಈ ಮೂರನ್ನೂ ಬರೆಯಿರಿ.